ಸೋಡಚೀಟಿ ಬೇರೆ, ಡಿಕ್ರಿ ಬೇರೆ

ನಮ್ಮ ಕಡೆ ‘ಸೋಡಚೀಟಿ’ ಅಂತ ಒಂದು ಮಾತಿದೆ. ಮರಾಠಿಯಿಂದ ಬಂದದ್ದು. ಧಾರವಾಡ ಜಿಲ್ಲೆ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು, ನಮ್ಮ ಕುಂದಗೋಳವಂತೂ ಅದಕ್ಕೂ ಮೊದಲು ಜಮಖಂಡಿ ಸಂಸ್ಥಾನದ್ದು. ಹಾಗಾಗಿ ಕೋರ್ಟು, ಹೊಲ, ಸಂಬಂಧಗಳ ವಿಷಯಕ್ಕೆ ಬಂದರೆ ಇಂಥ ಮಾತು ನಮ್ಮಲ್ಲಿ ಬಹಳ. ಗಂಡ ಹೆಂಡತಿ ಕೂಡಿ ಬಾಳೋದು ಆಗಲ್ಲ ಅಂತ ಖಾತ್ರಿ ಆದ ಮೇಲೆ ಎರಡೂ ಕಡೆಯ ಹಿರಿಯರು ಕೂಡ್ತಾರೆ, ಬಾಂಡ್ ಪೇಪರ್ ತರಿಸ್ತಾರೆ, ಇನ್ನು ಮುಂದೆ ಇವರಿಗೂ ಅವರಿಗೂ ಸಂಬಂಧವಿಲ್ಲ ಅಂತ ಬರೆಸಿ ಸಹಿ ಹಾಕಿಸ್ತಾರೆ. ಅದೇ ಸೋಡಚೀಟಿ. ಮೇಲೆ ನೋಟರಿ ಶಿಕ್ಕಾ ಬಿದ್ದರೆ ಊರಿನ ಮಟ್ಟಿಗೆ ಡಿವೋರ್ಸ್ ಆಯ್ತು.

ಹೋದ ವರ್ಷ ಕುಬಿಹಾಳದ ಮನೆಯಲ್ಲಿ ನನ್ನ ವಿಷಯ ಹೇಳಿದಾಗ ದೊಡ್ಡಪ್ಪ ಮೊದಲು ಅಂದದ್ದೂ ಇದನ್ನೇ. “ಕೋರ್ಟು ಕಚೇರಿ ಯಾಕ ಬೇಕವ್ವಾ? ಒಂದು ಬಾಂಡ್ ತರಸೂಣು, ನಾಕು ಮಂದಿ ಹಿರ್ಯಾರ ಮುಂದ ಸಹಿ ಮಾಡಿದ್ರ ಮುಗೀತು. ಹೆಸರು ಪೇಪರಿನಾಗ ಬರೂದು ಬ್ಯಾಡ.” ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತಮ್ಮನ ಮಗಳು ಕೋರ್ಟಿನ ಮೆಟ್ಟಿಲು ಹತ್ತಬಾರದು ಅಷ್ಟೇ ಅವರ ಆಸೆ. ನಾನು ಮಾತ್ರ ಒಪ್ಪಲಿಲ್ಲ. ಯಾಕೆ ಅಂದ್ರೆ ನಮ್ಮ ಓಣಿಯ ಒಬ್ಬ ಅಕ್ಕನ ಕಥೆ ನನಗೆ ಗೊತ್ತಿತ್ತು.

ಆ ಅಕ್ಕನಿಗೆ ಹನ್ನೆರಡು ವರ್ಷದ ಹಿಂದೆ ಸೋಡಚೀಟಿ ಆಯ್ತು. ಜೀವನಾಂಶ ಕೇಳೋದಿಲ್ಲ, ಮೈಮೇಲಿನ ಬಂಗಾರ ಬಿಟ್ಟು ಬೇರೇನೂ ಬೇಡ ಅಂತ ಬರೆಸಿಕೊಂಡರು. ಆತ ಮುಂದಿನ ವರ್ಷವೇ ಮತ್ತೊಂದು ಮದುವೆಯಾದ. ಈಕೆಗೆ ಒಂದು ಒಳ್ಳೆಯ ಸಂಬಂಧ ಬಂದದ್ದು ತೀರಾ ಈಚೆಗೆ. ಹುಡುಗನ ಕಡೆಯವರು ಓದಿದವರು, ಮದುವೆ ನೋಂದಣಿ ಮಾಡಿಸಬೇಕು ಅಂದರು. ವಿಚಾರಿಸಿದರೆ ಉತ್ತರ ಒಂದೇ: ಕೋರ್ಟಿನ ಡಿಕ್ರಿ ತನ್ನಿ. ಕಪಾಟಿನಲ್ಲಿ ಹನ್ನೆರಡು ವರ್ಷ ಜೋಪಾನವಾಗಿಟ್ಟಿದ್ದ ಕಾಗದ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಕಾನೂನಿನ ಕಣ್ಣಲ್ಲಿ ಆಕೆ ಇನ್ನೂ ಅವನ ಹೆಂಡತಿಯೇ, ಅವನ ಎರಡನೆಯ ಮದುವೆಗೆ ಬೆಲೆಯೇ ಇಲ್ಲ. ಮೊದಲ ಮದುವೆ ಇರುವಾಗ ಇನ್ನೊಂದು ಮದುವೆಯಾದರೆ ಏಳು ವರ್ಷದವರೆಗೆ ಜೈಲು. ಹಿಂದೆ ಐಪಿಸಿ 494 ಇತ್ತು, 2024ರ ಜುಲೈನಿಂದ ಅದೇ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ.

ಹಾಗಂತ ಸೋಡಚೀಟಿಯನ್ನ ಪೂರ್ತಿ ತೆಗೆದುಹಾಕೋಕೂ ಬರಲ್ಲ. ನಮ್ಮ ಕಡೆಯ ಎಷ್ಟೋ ಸಮುದಾಯಗಳಲ್ಲಿ ಬಿಡುಗಡೆಯೂ ಇತ್ತು, ಉಡಿಕಿ ಅಂತ ಮರುಮದುವೆಯೂ ಇತ್ತು. ಕಾಯ್ದೆ ಬರೋದಕ್ಕಿಂತ ಎಷ್ಟೋ ಮೊದಲೇ ಹೆಣ್ಣುಮಕ್ಕಳಿಗೆ ಒಂದು ದಾರಿ ಇತ್ತು ಅನ್ನೋದು ಸಣ್ಣ ಮಾತಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಕೂಡ 29(2)ನೇ ಕಲಂನಲ್ಲಿ ರೂಢಿಯ ಬಿಡುಗಡೆಯನ್ನ ಉಳಿಸಿಕೊಂಡಿದೆ. ಆದರೆ ಆ ರೂಢಿ ನಿಮ್ಮ ಸಮುದಾಯದಲ್ಲಿ ಹಿಂದಿನಿಂದ ನಡೆದುಬಂದಿದೆ ಅಂತ ಕೋರ್ಟಿನ ಮುಂದೆ ಹೇಳಿ, ಸಾಕ್ಷಿ ಕೊಟ್ಟು ಸಾಬೀತು ಮಾಡಬೇಕು. 2002ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟವಾಗಿ ಹೇಳಿದೆ. ಕೋರ್ಟು ತಪ್ಪಿಸೋಕೆ ಮಾಡಿದ ಕಾಗದಕ್ಕಾಗಿ ಕೊನೆಗೆ ಕೋರ್ಟಿಗೇ ಹೋಗಬೇಕಾಗುತ್ತೆ ಅಂದರೆ, ಮೊದಲೇ ಹೋಗೋದು ವಾಸಿ.

ನಮ್ಮಿಬ್ಬರ ನಡುವೆ ಏನಾಯ್ತು ಅನ್ನೋದು ಈ ಅಂಕಣದ ವಿಷಯ ಅಲ್ಲ. ಇಬ್ಬರೂ ಬೆಂಗಳೂರಿನಲ್ಲಿ ಕೆಲಸ ಮಾಡೋರು, ಇಪ್ಪತ್ತು ತಿಂಗಳಿಂದ ಬೇರೆ ಬೇರೆ ಇದ್ದೆವು, ಬಿಡುಗಡೆಗೆ ಇಬ್ಬರ ಒಪ್ಪಿಗೆ ಇತ್ತು. ಇಂಥವರಿಗೆ ಇರೋದು 13ಬಿ ಕಲಂ, ಪರಸ್ಪರ ಒಪ್ಪಿಗೆಯ ವಿಚ್ಛೇದನ. 1976ರ ತಿದ್ದುಪಡಿಯಲ್ಲಿ ಬಂದದ್ದು. ಕನಿಷ್ಠ ಒಂದು ವರ್ಷ ಬೇರೆಯಾಗಿ ಬದುಕಿರಬೇಕು, ಕೂಡಿ ಬಾಳೋದು ಆಗಿಲ್ಲ ಅಂತಿರಬೇಕು, ಮದುವೆ ಮುಗಿಸೋಕೆ ಇಬ್ಬರೂ ಒಪ್ಪಿರಬೇಕು. ‘ಬೇರೆಯಾಗಿ’ ಅಂದರೆ ಬೇರೆ ಮನೆಯೇ ಆಗಬೇಕು ಅಂತಿಲ್ಲ. ಗಂಡ ಹೆಂಡತಿಯಾಗಿ ಬದುಕದೆ ಒಂದೇ ಸೂರಿನಡಿ ಇದ್ದರೂ ಅದು ಬೇರೆಯಾಗಿ ಇದ್ದಂತೆಯೇ ಅಂತ 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಡಿಪಾಸಿಟ್ ಹೋಗುತ್ತೆ ಅಂತ ಒಂದೇ ಫ್ಲ್ಯಾಟಿನ ಎರಡು ರೂಮುಗಳಲ್ಲಿ ದಿನ ನೂಕೋರು ಬೆಂಗಳೂರಲ್ಲಿ ಕಡಿಮೆ ಇಲ್ಲ, ಅವರಿಗೆ ಇದು ಗೊತ್ತಿರಲಿ.

ಎಲ್ಲಿ ಅರ್ಜಿ ಹಾಕೋದು ಅನ್ನೋದೇ ನನಗೆ ಮೊದಲ ಗೊಂದಲ. ಮದುವೆ ಆದದ್ದು ಕುಬಿಹಾಳದಲ್ಲಿ, ಸಂಸಾರ ಮಾಡಿದ್ದು ಬೆಂಗಳೂರಲ್ಲಿ, ಅವರ ಮನೆ ಗದಗ. 19ನೇ ಕಲಂ ಓದಿದರೆ ಇದಕ್ಕೆ ಉತ್ತರ ಇದೆ: ಮದುವೆ ನಡೆದ ಊರು, ಎದುರುದಾರರು ಇರುವ ಊರು, ಇಬ್ಬರೂ ಕೊನೆಗೆ ಒಟ್ಟಿಗಿದ್ದ ಊರು, ಈ ಮೂರರಲ್ಲಿ ಯಾವುದಾದರೂ ಸರಿ. 2003ರಲ್ಲಿ ಇನ್ನೊಂದು ಸೇರಿತು. ಅರ್ಜಿ ಹಾಕುವವಳು ಹೆಂಡತಿಯಾದರೆ ಆಕೆ ಈಗ ಇರುವ ಊರಿನಲ್ಲೂ ಹಾಕಬಹುದು. ತವರಿಗೆ ಬಂದು ಕೂತ ಹೆಣ್ಣುಮಗಳು ತಾರೀಖಿಗೊಮ್ಮೆ ರಾತ್ರಿ ಬಸ್ಸು ಹತ್ತಬೇಕಾಗಿಲ್ಲ. ನನಗಂತೂ ಬೆಂಗಳೂರೇ ಅನುಕೂಲ. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯ ಇದೆ, ಅಲ್ಲಿಯೇ ಹಾಕಿದೆವು.

ಅರ್ಜಿಯ ಜೊತೆ ಕೇಳಿದ್ದು ಲಗ್ನಪತ್ರಿಕೆ, ಮದುವೆಯ ಫೋಟೋ, ನೋಂದಣಿ ಪತ್ರ, ಇಬ್ಬರ ಆಧಾರ್. ಅದಕ್ಕಿಂತ ಮುಖ್ಯವಾದದ್ದು ಒಪ್ಪಂದದ ಷರತ್ತುಗಳು, ಅದನ್ನ ಬರೆಯೋಕೇ ನಮಗೆ ಆರು ವಾರ ಹಿಡಿಯಿತು. ಬಂಗಾರ ಯಾರ ಹತ್ತಿರ ಎಷ್ಟಿದೆ, ಯಾವ ದಿನ ವಾಪಸು, ಕಾರು ಯಾರಿಗೆ, ಜಂಟಿ ಖಾತೆ ಯಾವಾಗ ಮುಚ್ಚೋದು. ನಮ್ಮ ದೊಡ್ಡ ತಲೆನೋವು ಗೃಹಸಾಲ. ಕೋರ್ಟು ನಿಮ್ಮನ್ನ ಬೇರೆ ಮಾಡಿದರೂ ಬ್ಯಾಂಕು ಮಾಡಲ್ಲ. ಸಾಲದ ಪತ್ರದಲ್ಲಿ ಇಬ್ಬರ ಸಹಿ ಇದ್ದರೆ ಒಬ್ಬರು ಕಂತು ತಪ್ಪಿಸಿದಾಗ ಫೋನ್ ಬರೋದು ಇನ್ನೊಬ್ಬರಿಗೆ. ‘ಅವರು ಕಟ್ಟಿಕೊಂಡು ಹೋಗ್ತಾರೆ’ ಅಂತ ಬರೆದರೆ ಸಾಲದು. ಸಾಲವನ್ನ ಒಬ್ಬರ ಹೆಸರಿಗೆ ವರ್ಗ ಮಾಡಿಸಿ, ಬ್ಯಾಂಕಿನಿಂದ ಲಿಖಿತವಾಗಿ ತಗೊಂಡ ಮೇಲೇ ನಾನು ಸಹಿ ಹಾಕಿದ್ದು.

ಹಣದ ಬಗ್ಗೆ ಇನ್ನೊಂದು ಮಾತು. ಡಿಕ್ರಿ ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ತಗೋಬಹುದು. ಅದಕ್ಕೇ ಪೂರ್ತಿ ಮೊತ್ತವನ್ನ ಮೊದಲ ದಿನವೇ ಕೊಡದೆ ಅರ್ಧ ಈಗ, ಉಳಿದದ್ದು ಕೊನೆಯ ಹಂತದಲ್ಲಿ ಅಂತ ಇಟ್ಟುಕೊಳ್ತಾರೆ. ಇದರಲ್ಲಿ ಅಪನಂಬಿಕೆ ಏನಿಲ್ಲ.

ಆರು ತಿಂಗಳು ಕಾಯಬೇಕು ಅನ್ನೋದು ನಿಜ, ಆದರೆ ಎಲ್ಲರಿಗೂ ಅಲ್ಲ. ಅರ್ಜಿಯ ಮೊದಲ ಹಂತ ಆದ ಮೇಲೆ ಆರು ತಿಂಗಳ ನಂತರ, ಹದಿನೆಂಟು ತಿಂಗಳ ಒಳಗೆ, ಇಬ್ಬರೂ ಮತ್ತೆ ಬಂದು ಹೇಳಬೇಕು ಅಂತ ಕಾಯ್ದೆ ಹೇಳುತ್ತೆ. 2017ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಆರು ತಿಂಗಳು ಕಡ್ಡಾಯ ಅಲ್ಲ ಅಂದಿತು. ಅರ್ಜಿಗೆ ಮುಂಚೆಯೇ ಒಂದೂವರೆ ವರ್ಷ ಬೇರೆ ಇದ್ದು, ರಾಜಿಯ ಪ್ರಯತ್ನ ಸೋತು, ಹಣ ಮತ್ತು ಮಕ್ಕಳ ವಿಷಯ ಇತ್ಯರ್ಥವಾಗಿದ್ದರೆ ನ್ಯಾಯಾಧೀಶರು ಅದನ್ನ ಬಿಡಬಹುದು. ನಮ್ಮದು ಇಪ್ಪತ್ತು ತಿಂಗಳಾಗಿತ್ತು, ಬಿಡಿಸಿಕೊಳ್ಳೋಕೆ ಬೇರೆ ಅರ್ಜಿ ಹಾಕಿದೆವು. ಮೀಡಿಯೇಷನ್‌ಗೆ ಕಳಿಸಿದರು, ಎರಡು ಸಲ ಕೂತೆವು. ಕೂಡಿ ಬಾಳಿ ಅಂತ ಬುದ್ಧಿ ಹೇಳ್ತಾರೆ ಅಂದುಕೊಂಡಿದ್ದೆ, ಅಲ್ಲಿದ್ದ ಮೇಡಂ ಹೆಚ್ಚು ಹೊತ್ತು ನೋಡಿದ್ದು ಆ ಸಾಲದ ಕಾಗದವನ್ನೇ. ಕೋರ್ಟಿನಲ್ಲಿ ನ್ಯಾಯಾಧೀಶರು ಕೇಳಿದ್ದು ನಾಲ್ಕೈದು ಪ್ರಶ್ನೆ. ಯಾರಾದರೂ ಒತ್ತಾಯ ಮಾಡಿದ್ದಾರಾ, ಷರತ್ತು ಓದಿದ್ದೀರಾ, ಹಣ ಬಂತಾ. ಐದು ನಿಮಿಷ ಆಗಿರಬಹುದು. ಹೊರಗೆ ಬೆಂಚಿನ ಮೇಲೆ ಕಾದದ್ದು ನಾಲ್ಕು ತಾಸು.

ಪೇಪರಿನಲ್ಲಿ ಹೆಸರು ಬರುತ್ತೆ ಅನ್ನೋ ದೊಡ್ಡಪ್ಪನ ಭಯಕ್ಕೂ ಕಾಯ್ದೆಯಲ್ಲೇ ಉತ್ತರ ಇದೆ. 22ನೇ ಕಲಂ ಪ್ರಕಾರ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೀಬೇಕು, ಕೋರ್ಟಿನ ಅನುಮತಿ ಇಲ್ಲದೆ ಅದನ್ನ ಯಾರೂ ಅಚ್ಚು ಹಾಕಬಾರದು. ಇದನ್ನ ಫೋನಿನಲ್ಲಿ ಓದಿ ಹೇಳಿದ ಮೇಲೆ ಅವರು ಬಾಂಡ್ ಪೇಪರಿನ ಮಾತು ಬಿಟ್ಟರು.

ಒಬ್ಬರು ಒಪ್ಪದಿದ್ದರೆ ಕಥೆಯೇ ಬೇರೆ. ಆಗ 13ನೇ ಕಲಂನ ಕಾರಣಗಳಲ್ಲಿ ಒಂದನ್ನ ಸಾಬೀತು ಮಾಡಬೇಕು: ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿರೋದು, ವ್ಯಭಿಚಾರ ಇಂಥವು. ‘ಹೊಂದಾಣಿಕೆ ಆಗ್ತಿಲ್ಲ’ ಅನ್ನೋದು ಆ ಪಟ್ಟಿಯಲ್ಲಿಲ್ಲ. ಮುರಿದುಬಿದ್ದ ಮದುವೆ ಅನ್ನೋ ಒಂದೇ ಕಾರಣಕ್ಕೆ ಬಿಡುಗಡೆ ಕೊಡೋ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ ಅಂತ 2023ರ ಮೇ 1ರ ತೀರ್ಪು ಹೇಳಿತು. ಕೆಳಗಿನ ಕೋರ್ಟು ಅದನ್ನ ಕೊಡಲಾರದು. ಜೀವನಾಂಶ ಕೇಳಿದರೆ ಇಬ್ಬರೂ ಆಸ್ತಿ, ಸಂಬಳ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕು ಅನ್ನೋದು 2020ರಿಂದ ನಿಯಮ. ಸಂಬಳ ಮುಚ್ಚಿಡೋದು ಈಗ ಅಷ್ಟು ಸುಲಭ ಅಲ್ಲ. (ಇದೆಲ್ಲ ಹಿಂದೂ ವಿವಾಹ ಕಾಯ್ದೆಯ ಮಾತು. ಬೇರೆ ಧರ್ಮದವರಿಗೂ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೂ ಕಾನೂನು ಬೇರೆ.)

ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಸೋಡಚೀಟಿಗೆ ಒಪ್ಪೋರೇ ನಮ್ಮ ಕಡೆ ಜಾಸ್ತಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗ್ತಾರೆ, ಆದಾಯ ಎಷ್ಟಿದ್ದರೂ ಸರಿ. ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಬೇಕು, ಇಲ್ಲವೇ 15100ಕ್ಕೆ ಫೋನ್ ಮಾಡಬೇಕು. ನಮ್ಮ ಓಣಿಯ ಅಕ್ಕನಿಗೆ ವಕೀಲರು ಸಿಕ್ಕಿದ್ದು ಹೀಗೇ. ಕೇಸಿಗೆ ಹದಿನಾರು ಅಕ್ಷರ–ಅಂಕಿಗಳ ಸಿಎನ್‌ಆರ್ ನಂಬರ್ ಕೊಡ್ತಾರೆ, ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು ಕಾಣುತ್ತೆ. ಆಫೀಸಿನ ಟಿಕೆಟ್ ಥರ ‘ಬಾಕಿ’ ಅಂತಲೇ ತೋರಿಸುತ್ತಿರುತ್ತೆ, ಆದರೂ ವಕೀಲರಿಗೆ ದಿನಾ ಫೋನ್ ಮಾಡೋದು ತಪ್ಪುತ್ತೆ.

ನನ್ನ ಡಿಕ್ರಿ ಬಂದದ್ದು ಅರ್ಜಿ ಹಾಕಿದ ನಾಲ್ಕನೇ ತಿಂಗಳಿಗೆ. ದೃಢೀಕೃತ ನಕಲು ಐದು ತಗೊಂಡೆ. ಒಂದು ಬ್ಯಾಂಕಿಗೆ ಹೋಯ್ತು, ಒಂದು ವಿಮೆಗೆ. ಪಿಎಫ್ ನಾಮಿನಿ ಆ ಸಂಜೆಯೇ ಬದಲಾಯಿಸಿದೆ. ಇದನ್ನ ಮರೆತವರು ಬಹಳ ಜನ, ನೀವು ಮರೀಬೇಡಿ. ಒಂದು ನಕಲನ್ನ ಅವ್ವ ಇಸ್ಕೊಂಡು ಹೊಲದ ಉತಾರದ ಜೊತೆ ಟ್ರಂಕಿನಾಗ ಇಟ್ಟಿದ್ದಾಳೆ.