ಅಡುಗೆಮನೆಯ ಚಿಮಣಿ: ಜಿಡ್ಡೇ ಉರುವಲಾಗದಿರಲಿ

ಚಿಮಣಿ ಎಂದರೆ ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ಸೀಮೆಎಣ್ಣೆಯ ದೀಪ. ಇಂದಿನ ಗೃಹಿಣಿಯರಿಗೆ ಅದು ಗ್ಯಾಸ್ ಒಲೆಯ ಮೇಲಿದ್ದು ಹೊಗೆಯನ್ನು ಹೊರದೂಡುವ ವಿದ್ಯುತ್ ಯಂತ್ರ. ಹಿಂದೆ ಆ ಕೆಲಸವನ್ನು ಮಾಳಿಗೆಯ ಬೆಳಕಿಂಡಿ ಮಾಡುತ್ತಿತ್ತು. ಬೆಳಕಿಂಡಿ ನಮ್ಮಿಂದ ಹೆಚ್ಚಿನ ಆರೈಕೆಯನ್ನು ಬೇಡಲಿಲ್ಲ, ಚಿಮಣಿ ಬೇಡುತ್ತದೆ. ಇದನ್ನು ಮರೆತ ತಪ್ಪು ನಮ್ಮ ಮನೆಯಲ್ಲಿಯೇ ಆಯಿತು.

ಕಳೆದ ದೀಪಾವಳಿಗೆ ಎರಡು ದಿನ ಚಕ್ಕುಲಿ, ಕರ್ಚಿಕಾಯಿ ಕರಿಯುವ ಸಂಭ್ರಮ. ಚಿಮಣಿಯ ಜಾಲರಿಯನ್ನು ತೊಳೆದು ಮೂರು ತಿಂಗಳಾಗಿತ್ತು. ಅದರಲ್ಲಿ ಮಡುಗಟ್ಟಿದ್ದ ಜಿಡ್ಡು ತೊಟ್ಟಿಕ್ಕಿ, ಉರಿ ಭಗ್ಗನೆ ಮೇಲೆದ್ದಿತು. ಸೊಸೆ ಕೂಡಲೇ ಗ್ಯಾಸನ್ನೂ ಚಿಮಣಿಯನ್ನೂ ಆರಿಸಿದ್ದರಿಂದ ಅನಾಹುತ ತಪ್ಪಿತು. ಅಂದು ಕಲಿತ ಪಾಠವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಮೊದಲು ಜೋಡಣೆಯ ವಿಚಾರ. ಗ್ಯಾಸ್ ಒಲೆಗೂ ಚಿಮಣಿಗೂ ಸಾಮಾನ್ಯವಾಗಿ 65ರಿಂದ 75 ಸೆಂಟಿಮೀಟರ್ ಅಂತರವಿರಬೇಕು. ಯಂತ್ರದೊಡನೆ ಬಂದ ಕೈಪಿಡಿ ಹೇಳುವ ಅಳತೆಯೇ ಅಂತಿಮ. ಹೊಗೆಯ ಕೊಳವೆ ಗಿಡ್ಡದಾಗಿರಲಿ, ತಿರುವುಗಳು ಕಡಿಮೆಯಿರಲಿ. ತಿರುವು ಹೆಚ್ಚಿದಷ್ಟೂ ಎಳೆತ ಕುಗ್ಗುತ್ತದೆ. ಅದರ ಬಾಯಿ ಬಯಲಿಗೆ ತೆರೆಯಲಿ, ನೆರೆಯವರ ಕಿಟಕಿಗಲ್ಲ. ಪ್ಲಗ್ಗಿಗೆ ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟೇ ಬೇಕು.

ಬಳಸುವಾಗ ಒಲೆ ಹೊತ್ತಿಸುವ ಮೊದಲೇ ಚಿಮಣಿ ಹಾಕಿ, ಅಡುಗೆ ಮುಗಿದ ಮೇಲೂ ಐದು ನಿಮಿಷ ನಡೆಯಲು ಬಿಡುವುದು ಒಳ್ಳೆಯದು. ಚಿಮಣಿ ಒಳಗಿನ ಗಾಳಿಯನ್ನು ಹೊರಗೆ ತಳ್ಳುವುದರಿಂದ, ಹೊಸ ಗಾಳಿ ಬರಲು ಕಿಟಕಿ ತುಸು ತೆರೆದಿರಬೇಕು. ಮನೆಯೊಳಗೆ ಗ್ಯಾಸ್ ಗೀಸರ್ ಇದ್ದು ಕಿಟಕಿಗಳೆಲ್ಲ ಮುಚ್ಚಿದ್ದರೆ, ಗೀಸರಿನ ವಿಷಾನಿಲ ಹೊರಹೋಗದೆ ಒಳಕ್ಕೇ ಮರಳಬಹುದು. ಪಾತ್ರೆಯಿಲ್ಲದ ಒಲೆ ಚಿಮಣಿಯ ಕೆಳಗೆ ಉರಿಯದಿರಲಿ.

ಇನ್ನು ಶುಚಿತ್ವ. ಕರಿಯುವ, ಒಗ್ಗರಣೆ ಹಾಕುವ ಅಡುಗೆ ಹೆಚ್ಚಿರುವ ನಮ್ಮ ಮನೆಗಳಲ್ಲಿ ಹದಿನೈದು ದಿನಕ್ಕೊಮ್ಮೆ ಜಾಲರಿಯನ್ನು ತೊಳೆಯಬೇಕು. ಮೊದಲು ಪ್ಲಗ್ ಕೀಳಿರಿ. ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪು ಬೆರೆಸಿ, ಜಾಲರಿಯನ್ನು ಅರ್ಧ ಗಂಟೆ ನೆನೆಯಿಟ್ಟು ಉಜ್ಜಿ, ಪೂರ್ಣ ಒಣಗಿದ ಮೇಲೆ ಜೋಡಿಸಿರಿ. ಅಲ್ಯೂಮಿನಿಯಂ ಜಾಲರಿಗೆ ಕಾಸ್ಟಿಕ್ ಸೋಡಾ ತಾಗಿಸಬಾರದು. ತಾನೇ ಶುಚಿಯಾಗುವ ಚಿಮಣಿಯಲ್ಲಿಯೂ ಎಣ್ಣೆ ಸೇರುವ ಬಟ್ಟಲನ್ನು ನಾವೇ ಬರಿದು ಮಾಡಬೇಕು. ಕೊಳವೆಯಿಲ್ಲದ ಚಿಮಣಿಯ ಇದ್ದಿಲಿನ ಫಿಲ್ಟರನ್ನು ತೊಳೆದು ಬಳಸಲಾಗದು, ಕಾಲಕಾಲಕ್ಕೆ ಬದಲಿಸಬೇಕು.

ಎರಡು ಮಾತುಗಳನ್ನು ಮನೆಮಂದಿಯೆಲ್ಲ ನೆನಪಿಡಬೇಕು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ಗ್ಯಾಸ್ ಆರಿಸಿ, ಉರಿಯನ್ನು ಮೇಲಕ್ಕೆಳೆಯುವ ಚಿಮಣಿಯನ್ನೂ ನಿಲ್ಲಿಸಿ, ಬಾಣಲೆಗೆ ಮುಚ್ಚಳ ಮುಚ್ಚಬೇಕು. ಗ್ಯಾಸ್ ಸೋರಿದ ವಾಸನೆ ಬಂದರೆ ಚಿಮಣಿಯ ಸ್ವಿಚ್ಚನ್ನು ಮುಟ್ಟಲೇಬಾರದು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಡುತ್ತದೆ. ಮೇಲಿನ ಚಿಮಣಿ ಅದನ್ನು ಎಳೆಯಲಾರದು, ಸ್ವಿಚ್ಚಿನ ಕಿಡಿ ಮಾತ್ರ ಸ್ಫೋಟಕ್ಕೆ ಕಾರಣವಾದೀತು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಕರೆ ಮಾಡಿರಿ.

ಅಮಾವಾಸ್ಯೆ ಹುಣ್ಣಿಮೆಗಳಿಗೆ ಮನೆ ತೊಳೆಯುವ ರೂಢಿ ನಮ್ಮಲ್ಲಿ ಇದ್ದೇ ಇದೆ. ನಮ್ಮ ಮನೆಯಲ್ಲಿ ಈಗ ಆ ದಿನಗಳಂದೇ ಚಿಮಣಿಯ ಜಾಲರಿಯೂ ಬಿಸಿನೀರಿಗೆ ಇಳಿಯುತ್ತದೆ. ತಮ್ಮ ಮನೆಯಲ್ಲಿಯೂ ಹಾಗೆಯೇ ಆಗಲೆಂದು ಹಾರೈಸುತ್ತೇವೆ.