ಹೆಜ್ಜೆಗೆ ಓಲಾಡಿದ ಸೇತುವೆ

ಲಂಡನ್ನಿನ ಥೇಮ್ಸ್ ನದಿಯ ಮೇಲೆ ಕಾಲ್ನಡಿಗೆಯವರಿಗೆಂದೇ ಕಟ್ಟಿದ ಮಿಲೆನಿಯಂ ಸೇತುವೆ 2000ದ ಜೂನ್ 10ರಂದು ತೆರೆಯಿತು. ಉದ್ದ ಸುಮಾರು 325 ಮೀಟರ್, ಅಗಲ ನಾಲ್ಕೇ ಮೀಟರ್. ಮೊದಲ ದಿನವೇ ಜನಜಾತ್ರೆ. ಜನ ನಡೆಯುತ್ತಿದ್ದಂತೆ ಸೇತುವೆ ಅತ್ತಿತ್ತ ಓಲಾಡತೊಡಗಿತು. ಹಲವರು ಪಕ್ಕದ ಕಂಬಿ ಹಿಡಿದು ನಿಂತರು. ಜೂನ್ 12ರಂದು ಅದನ್ನು ಮುಚ್ಚಲಾಯಿತು.

ವಿನ್ಯಾಸ ಮಾಡಿದವರೇನೂ ಅನನುಭವಿಗಳಲ್ಲ. ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್, ಅರಪ್ ಸಂಸ್ಥೆಯ ಎಂಜಿನಿಯರುಗಳು. ಜನರ ಭಾರ, ಗಾಳಿಯ ಹೊಡೆತ ಎಲ್ಲವೂ ಲೆಕ್ಕದಲ್ಲಿತ್ತು. ಸೇತುವೆಯ ಮೇಲೆ ಸೈನಿಕರು ಕವಾಯತಿನ ಹೆಜ್ಜೆ ಹಾಕಬಾರದು ಎಂಬುದು ಹೈಸ್ಕೂಲು ಮಕ್ಕಳಿಗೂ ಗೊತ್ತು. ಆದರೆ ಅಂದು ನಡೆದವರು ಸೈನಿಕರಲ್ಲ, ಮಕ್ಕಳ ಕೈಹಿಡಿದು ನದಿ ನೋಡಲು ಬಂದವರು!

ಗುಟ್ಟು ನಮ್ಮ ನಡಿಗೆಯಲ್ಲೇ ಇದೆ. ಮನುಷ್ಯ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತಾನೆ. ಎಡಗಾಲು ನೆಲವನ್ನು ತುಸು ಎಡಕ್ಕೆ, ಬಲಗಾಲು ಬಲಕ್ಕೆ ತಳ್ಳುತ್ತದೆ. ಒಬ್ಬನ ತಳ್ಳು ಲೆಕ್ಕಕ್ಕಿಲ್ಲ. ಆದರೆ ಸೇತುವೆ ಸ್ವಲ್ಪ ಅಲುಗಿದೊಡನೆ ಎಲ್ಲರೂ ದೋಣಿಯಲ್ಲಿ ನಿಂತವರಂತೆ ಕಾಲು ಅಗಲಿಸಿ, ಓಲಾಟಕ್ಕೆ ತಕ್ಕಂತೆ ಮೈ ಸಂಭಾಳಿಸುತ್ತಾರೆ. ಹಾಗೆ ಸಂಭಾಳಿಸುವುದೇ ಜೋಕಾಲಿಗೆ ಸರಿಯಾದ ಹೊತ್ತಿಗೆ ಕೊಟ್ಟ ತಳ್ಳಿನಂತಾಗುತ್ತದೆ. ಎಲ್ಲರ ಹೆಜ್ಜೆಯೂ ಒಂದೇ ತಾಳಕ್ಕೆ ಬಂದದ್ದೇ ಕಾರಣವೆಂದು ಮೊದಲು ನಂಬಲಾಗಿತ್ತು. ತಾಳ ಕೂಡದಿದ್ದರೂ ಓಲಾಟ ಹುಟ್ಟಬಲ್ಲದೆಂದು 2021ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ.

ಎಂಜಿನಿಯರುಗಳು ಜನರನ್ನೇ ಸೇತುವೆಯ ಮೇಲೆ ನಡೆಸಿ ಅಳೆದರು. ಒಂದು ಭಾಗದ ಮೇಲೆ ಹತ್ತತ್ತು ಮಂದಿಯನ್ನು ಹೆಚ್ಚಿಸುತ್ತ ಹೋದಾಗ ಬಹಳ ಹೊತ್ತು ಏನೂ ಇಲ್ಲ. ಸಂಖ್ಯೆ 160ರ ಆಸುಪಾಸು ದಾಟಿತು ನೋಡಿ, ಓಲಾಟ ದಿಢೀರನೆ ಏರಿತು. ಇಂಥದೇ ಒಂದು ಪ್ರಸಂಗವನ್ನು ಜಪಾನಿನ ತಜ್ಞರು 1993ರಲ್ಲೇ ಪ್ರಕಟಿಸಿದ್ದರು. ಆದರೆ ಸೇತುವೆ ಕಟ್ಟುವವರ ನಿಯಮಪುಸ್ತಕಗಳಿಗೆ ಅದಿನ್ನೂ ಇಳಿದಿರಲಿಲ್ಲ.

ಸೇತುವೆಯನ್ನು ಒಡೆಯಲಿಲ್ಲ, ದಪ್ಪ ಮಾಡಿ ಅಂದಗೆಡಿಸಲೂ ಇಲ್ಲ. ಸ್ಕೂಟರಿನ ಷಾಕ್ ಅಬ್ಸಾರ್ಬರಿನಂತೆ ಓಲಾಟದ ಶಕ್ತಿಯನ್ನು ಹೀರುವ 37 ಡ್ಯಾಂಪರುಗಳನ್ನೂ, ಸ್ಪ್ರಿಂಗಿನ ಮೇಲೆ ಕೂರಿಸಿದ ಐವತ್ತಕ್ಕೂ ಹೆಚ್ಚು ತೂಕದ ಗುಂಡುಗಳನ್ನೂ ಅಳವಡಿಸಿದರು. ಖರ್ಚು ಸುಮಾರು 50 ಲಕ್ಷ ಪೌಂಡ್. ತಮ್ಮ ಲೆಕ್ಕ ಎಲ್ಲಿ ತಪ್ಪಿತೆಂಬುದನ್ನು ಮುಚ್ಚಿಡದೆ, ಅಳತೆಗಳ ಸಮೇತ 2001ರಲ್ಲಿ ಅಚ್ಚು ಹಾಕಿಸಿದರು. ಬೇರೆ ಊರುಗಳ ಸೇತುವೆಗಳಿಗೆ ಆ ಪುಟಗಳು ಒದಗಿದವು.

2002ರ ಜನವರಿಯಲ್ಲಿ ಸುಮಾರು ಎರಡು ಸಾವಿರ ಮಂದಿಯನ್ನು ನಡೆಸಿ ನೋಡಿದರು. ಫೆಬ್ರುವರಿ 22ರಂದು ಸೇತುವೆ ಮತ್ತೆ ತೆರೆಯಿತು. ಈಗ ಅದು ಅಲ್ಲಾಡುವುದಿಲ್ಲ. ಲಂಡನ್ನಿನವರು ಮಾತ್ರ ಅದನ್ನು ಇಂದಿಗೂ ‘ಓಲಾಡುವ ಸೇತುವೆ’ ಎಂದೇ ಕರೆಯುತ್ತಾರೆ.