ಎದೆಗೆ ಎಷ್ಟು ಧೂಳು?



ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಗಣಿ ಹೋಯಿತು, ಸೈನೈಡ್ ದಿಬ್ಬ ಹೋಗಲಿಲ್ಲ. ಬಂಡೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಎಳೆದುಕೊಂಡ ಮೇಲೆ ಮಿಕ್ಕ ಪುಡಿ ಅದು. ಮೂರು ಕೋಟಿ ಟನ್ನಿಗೂ ಮೇಲಿದೆ. ಆಷಾಢದ ಗಾಳಿ ಎದ್ದರೆ ಲೈನ್ ಮನೆಗಳ ಅನ್ನದ ತಟ್ಟೆಗೇ ಬಂದು ಕೂರುತ್ತೆ.

2024ರ ಜೂನ್‌ನಲ್ಲಿ ರಾಜ್ಯದ ಸಂಪುಟ, ಸುಮಾರು ಸಾವಿರ ಎಕರೆಯಲ್ಲಿರುವ 13 ದಿಬ್ಬಗಳನ್ನು ಮತ್ತೆ ಅಗೆಯೋಕೆ ಒಪ್ಪಿಗೆ ಕೊಟ್ಟಿತು. ಉಳಿದ ಚೂರುಪಾರು ಚಿನ್ನ ಸೋಸಬೇಕಂತೆ. ಟನ್ನಿಗೆ ಎಷ್ಟು ಗ್ರಾಂ ಅನ್ನೋ ಲೆಕ್ಕ ಸಿದ್ಧ ಇದೆ. ಎದೆಗೆ ಎಷ್ಟು ಧೂಳು ಅನ್ನೋ ಲೆಕ್ಕ ಎಲ್ಲಿ ಸ್ವಾಮಿ?

ಸಂಶೋಧನೆ ಇವರಿಗೆ ಬರಲ್ಲ ಅಂತಲ್ಲ. 1965ರಲ್ಲಿ ಇದೇ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಆಳದಲ್ಲಿ, ಭೂಮಿಯನ್ನೇ ತೂರಿಹೋಗುವ ನ್ಯೂಟ್ರಿನೊ ಕಣದ ಗುರುತು ಹಿಡಿದರು. ಲೋಕವೇ ತಲೆದೂಗಿತು. ಅದಕ್ಕೂ ಮೊದಲು, 1940ರ ದಶಕದಲ್ಲೇ, ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದ ವೈದ್ಯರು ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನಕ್ಕೆ ಸಿಲಿಕೋಸಿಸ್ ಇದೆ ಅಂತ ಬರೆದಿಟ್ಟರು. ಕಲ್ಲಿನ ಧೂಳು ಶ್ವಾಸಕೋಶವನ್ನ ಗಟ್ಟಿ ಮಾಡಿ ಉಸಿರು ಕಟ್ಟಿಸುವ ರೋಗ. ಇವತ್ತಿಗೂ ವಾಸಿ ಮಾಡೋ ಮದ್ದಿಲ್ಲ. ಆ ಅಂಕಿ ಡಾಕ್ಟರುಗಳ ಪುಸ್ತಕ ಸೇರಿತು. ಗಣಿ ಇನ್ನೂ ಐವತ್ತು ವರ್ಷ ನಡೆಯಿತು.

ಕೆಳಗಿಳಿದೋರು ಯಾರು? ಊರಿನ ಜೀತಕ್ಕೆ ಬೇಸತ್ತು ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದ ನಮ್ಮೋರೇ ಹೆಚ್ಚು. ಮೇಲೆ ಗಣಿ ಕಾಲೋನಿಯ ಒಣ ಕಕ್ಕಸು ಬಳಿದೋರೂ ನಮ್ಮೋರೇ. ಆ ಕೆಲಸದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅದರ ವಿರುದ್ಧ ದೇಶವೆಲ್ಲ ಅಲೆದು ಹೋರಾಡಬೇಕಾಯಿತು. ಪರಿಸರ ವರದಿಯ ಯಾವ ಕಾಲಮ್ಮಿನಲ್ಲಿ ಬರೀತಾರೆ ಇದನ್ನ? ನೀರಿಗೆ, ಗಾಳಿಗೆ, ಗಿಡಕ್ಕೆ, ಹಕ್ಕಿಗೆ ಕಾಲಮ್ಮು ಇರುತ್ತೆ. ಹಕ್ಕಿ ಬೇಡ ಅಂತ ಯಾರೂ ಹೇಳ್ತಿಲ್ಲ. ಜಾತಿಗೆ ಯಾಕಿಲ್ಲ?

1930ರಲ್ಲಿ ಕಂಪನಿ ಬೆರಳಚ್ಚು ಕೇಳಿದಾಗ ನಮ್ಮ ಅಜ್ಜಂದಿರು ಕೊಡಲ್ಲ ಅಂತ ಮುಷ್ಕರ ಹೂಡಿದ್ದರು. ನಮ್ಮ ಲೆಕ್ಕ ಯಾರಿಗಾಗಿ ಅನ್ನೋದು ಅವರಿಗೆ ಗೊತ್ತಿತ್ತು. ಇವತ್ತು ನಾವೇ ಕೇಳಬೇಕು: ದಿಬ್ಬಕ್ಕೆ ಜೆಸಿಬಿ ಹಚ್ಚೋ ಮುಂಚೆ ಲೈನ್ ಲೈನಿನಲ್ಲೂ ಎದೆಯ ಎಕ್ಸ್‌ರೇ ಆಗಲಿ. ಬೋರ್‌ವೆಲ್ ನೀರಿನ ಪರೀಕ್ಷೆ ಆಗಲಿ. ವಿಧವೆಯರ ಮಾತೂ ಬರೆದುಕೊಳ್ಳಲಿ. ವರದಿಯನ್ನ ತಮಿಳಲ್ಲಿ, ತೆಲುಗಲ್ಲಿ, ಕನ್ನಡದಲ್ಲಿ ಲೈನಿನ ನಡುವೆ ನಿಂತು ಓದಿ ಹೇಳಲಿ. ಆ ಸಭೆಯನ್ನ ಆಷಾಢದಲ್ಲೇ ಇಟ್ಟುಕೊಳ್ಳಲಿ, ಸಾಹೇಬರುಗಳಿಗೂ ದಿಬ್ಬದ ಕಡೆ ಮುಖ ಮಾಡಿಯೇ ಕುರ್ಚಿ ಹಾಕೋಣ.